ಪಟ್ಟಣದ ದೀಪವೂ ಹಳ್ಳಿಯ ಬಿಸಿಲೂ

ಕಳೆದ ಬೇಸಗೆಯಲ್ಲಿ ನಾನು ಒಂದು ಕಾರ್ಯದ ನಿಮಿತ್ತವಾಗಿ ಬೆಂಗಳೂರಿಗೆ ಹೋಗಿದ್ದಾಗ, ನಮ್ಮ ಹಳ್ಳಿಯವನೇ ಆದ ಒಬ್ಬ ಯೌವನಸ್ಥನು ತಾನು ಕಾವಲು ಕೆಲಸ ಮಾಡುವ ದೊಡ್ಡ ಕಟ್ಟಡವನ್ನು ತೋರಿಸುವದಕ್ಕೆ ನನ್ನನ್ನು ಕರೆದುಕೊಂಡು ಹೋದನು. ಅದರ ಹೊರಗೋಡೆಯು ಅಡಿಯಿಂದ ಮುಡಿಯ ವರೆಗೆ ಗಾಜಿನದೇ. ಹೊರಗೆ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗಾದರೋ ಆ ಬಿಸಿಲು ಬೀಳದಂತೆ ಪರದೆಗಳನ್ನು ಎಳೆದಿದ್ದರು; ಪರದೆ ಎಳೆದದರಿಂದ ಕತ್ತಲಾಯಿತೆಂದು ಸಾಲು ದೀಪಗಳನ್ನು ಹಚ್ಚಿದ್ದರು; ಗಾಜನ್ನು ಹಾದು ನುಗ್ಗಿದ ಸೆಕೆಯನ್ನು ಹೊರಗೆ ಹಾಕುವದಕ್ಕೆ ಏಸಿ ಯಂತ್ರಗಳನ್ನು ನಡಿಸುತ್ತಿದ್ದರು. ನಾನು ಇದನ್ನು ನೋಡುತ್ತಾ ನಿಂತಿರಲಾಗಿ ಆ ಹುಡುಗನು ಮೆಲ್ಲಗೆ, “ಅಯ್ಯನವರೇ, ನಿನ್ನೆ ರಾತ್ರಿ ಅವ್ವ ಫೋನು ಮಾಡಿದ್ದಳು. ಊರಲ್ಲಿ ಕರೆಂಟಿಲ್ಲದೆ ತಂಗಿ ಮೇಣದ ಬತ್ತಿಯಲ್ಲಿ ಓದುತ್ತಿದ್ದಾಳಂತೆ. ಇಲ್ಲಿ ನೋಡಿರಿ, ಹಗಲಿನಲ್ಲಿಯೇ ದೀಪ. ಇದು ಪಾಪವೋ, ಇಲ್ಲವೆ ಪಾಪವೆಂದು ನನಗೆ ತೋರುವದು ಬರೀ ಹೊಟ್ಟೆಕಿಚ್ಚೋ?” ಎಂದು ಕೇಳಿದನು. “ಯೋಚಿಸಿ ಹೇಳುತ್ತೇನಪ್ಪಾ” ಎಂದು ನಾನು ಹೇಳಿ ಬಂದೆನು. ಆ ಯೋಚನೆಯನ್ನೇ ಇಲ್ಲಿ ಬರೆದಿದ್ದೇನೆ.

ಈ ಪ್ರಶ್ನೆಯು ಚಿಕ್ಕದೆಂದು ಯಾರೂ ನೆನಸಬಾರದು. ನಾವು ಕದ್ದ ವಸ್ತುವನ್ನು ಕಣ್ಣಿನಿಂದ ಕಾಣುತ್ತೇವೆ. ಸುಳ್ಳು ತಕ್ಕಡಿಯನ್ನು ಕೈಯಿಂದ ಮುಟ್ಟುತ್ತೇವೆ. ವಿದ್ಯುಚ್ಛಕ್ತಿಯಾದರೋ ಕಾಣದೆ ಬರುವದು, ಕಾಣದೆ ಹೋಗುವದು. ಗುಂಡಿಯನ್ನು ಒತ್ತುವವನಿಗೆ ಅದು ಎಲ್ಲಿಂದ ಬಂತು, ಯಾರ ಹೊಲವನ್ನು ದಾಟಿ ಬಂತು ಎಂಬದು ತಿಳಿಯುವದಿಲ್ಲ. ಕಾಣದಂಥಾ ವಿಷಯಗಳಲ್ಲಿ ಮನಸ್ಸಾಕ್ಷಿಯು ಬೇಗನೆ ತೂಕಡಿಸುವದಾದ್ದರಿಂದ, ಮೊದಲು ಈ ಶಕ್ತಿಯು ನಡೆದು ಬಂದ ದಾರಿಯನ್ನು ಸ್ವಲ್ಪ ನೋಡೋಣ.

ನಮ್ಮ ಸೀಮೆಯಲ್ಲಿ ವಿದ್ಯುತ್ತಿನ ದೊಡ್ಡ ಕೆಲಸವು ಆರಂಭವಾದದ್ದು ಕಾವೇರಿಯ ಶಿವನಸಮುದ್ರದಲ್ಲಿ. ದಿವಾನ ಶೇಷಾದ್ರಿ ಅಯ್ಯರರವರ ಕಾಲದಲ್ಲಿ ಹೂಡಿದ ಆ ಕೆಲಸವು 1902ರಲ್ಲಿ ಕೈಗೂಡಿತು. ಅಲ್ಲಿಯ ನೀರಿನ ಬಲವು ತಂತಿಗಳ ಮೂಲಕ ಸುಮಾರು 92 ಮೈಲು ಓಡಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪವಾಯಿತು. ಆ ತಂತಿಯ ಕೆಳಗೆ ಉಳುತ್ತಿದ್ದ ಒಕ್ಕಲಿಗರ ಗುಡಿಸಲುಗಳಿಗೆ ಮಾತ್ರ ಇನ್ನೂ ಅನೇಕ ವರುಷ ಹರಳೆಣ್ಣೆಯ ಬೆಳಕೇ ಗತಿಯಾಗಿತ್ತು. ಆಮೇಲೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆಯನ್ನು ಕಟ್ಟಿ 1964ರಲ್ಲಿ ಮುಗಿಸಿದಾಗ ಮಲೆನಾಡಿನ ಎಷ್ಟೋ ಗದ್ದೆ, ತೋಟ, ಮನೆಗಳು ನೀರಿನಡಿಯಲ್ಲಿ ಹೋದವು. ಅಲ್ಲಿಂದ ಎದ್ದು ಬಂದವರಲ್ಲಿ ಅನೇಕರು ತಮಗೆ ತೋರಿಸಿದ ಭೂಮಿಯ ಹಕ್ಕುಪತ್ರಕ್ಕಾಗಿ ತಲೆಮಾರುಗಳ ಕಾಲ ಕಚೇರಿಗಳಿಗೆ ಅಲೆದರು. ನೀರು ಸಾಲದೆ ಹೋದಾಗ ಕಲ್ಲಿದ್ದಲು ಬಂತು. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನು ಸುಟ್ಟು ಶಕ್ತಿಯನ್ನು ಮಾಡುತ್ತಾರೆ. ಕಲ್ಲಿದ್ದಲಿನಿಂದ ಒಂದು ಯೂನಿಟು ವಿದ್ಯುತ್ತನ್ನು ಮಾಡುವಾಗ ಹೆಚ್ಚು ಕಡಿಮೆ ಒಂದು ಕಿಲೋಗ್ರಾಮು ಇಂಗಾಲಾಮ್ಲವು ಆಕಾಶಕ್ಕೆ ಏರುವದು. ಹೀಗೆ ಲೋಕದ ಎಲ್ಲಾ ಕಡೆಗಳಿಂದ ಏರಿದ ಹೊಗೆಯು ಭೂಮಿಗೆ ಕಂಬಳಿಯಂತೆ ಹೊದಿಕೆಯಾಗಿ, ಬಿಸಿಲಿನ ಕಾವು ಹೊರಗೆ ಹೋಗದಂತೆ ತಡೆಯುವದು. ಅಳತೆ ಇಟ್ಟ ವರುಷಗಳೊಳಗೆ 2024ನೆಯ ವರುಷದಷ್ಟು ಕಾವು ಅದಕ್ಕೆ ಮುಂಚಿನ ಯಾವ ವರುಷದಲ್ಲಿಯೂ ಕಂಡಿರಲಿಲ್ಲ. ಮಳೆ ಹೊತ್ತು ತಪ್ಪಿದರೆ ಮೊದಲು ಒಣಗುವದು ಯಾರ ಪೈರು ಎಂಬದನ್ನು ನಿಮಗೆ ನಾನು ಹೇಳಿಕೊಡಬೇಕಾದದ್ದಿಲ್ಲ.

ಹಾಗಾದರೆ ನೀರಿಗೂ ಕಲ್ಲಿದ್ದಲಿಗೂ ಬದಲಾಗಿ ಬಿಸಿಲನ್ನೇ ಹಿಡಿದುಕೊಂಡರೆ ದೋಷವೆಲ್ಲಾ ಹೋಯಿತಲ್ಲಾ ಎಂದು ಒಬ್ಬನು ಕೇಳಾನು. ಬಿಸಿಲಿಗೆ ಹೊಗೆಯಿಲ್ಲ ನಿಜ. ಆದರೆ ಬಿಸಿಲಿಗೂ ಭೂಮಿ ಬೇಕು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕಡೆಗೆ ನೋಡಿರಿ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಊರುಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಸೋಲಾರ್ ಫಲಕಗಳನ್ನು ಹರಡಿದ್ದಾರೆ. 2018ರಲ್ಲಿ ಶಕ್ತಿಯನ್ನು ಕೊಡುವದಕ್ಕೆ ತೊಡಗಿ 2019ರ ಕೊನೆಗೆ ಅದು 2,050 ಮೆಗಾವಾಟಿನದಾಯಿತು. ಅಲ್ಲಿ ಸರಕಾರವು ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರುಷಕ್ಕೆ 21,000 ರೂಪಾಯಿಯಂತೆ, ಎರಡು ವರುಷಕ್ಕೊಮ್ಮೆ ನೂರಕ್ಕೆ 5ರಂತೆ ಏರುವ ಗೇಣಿಗೆ ತೆಗೆದುಕೊಂಡಿತು. ಬರದಿಂದ ಬೆಂದ ಆ ಸೀಮೆಯಲ್ಲಿ ಇದು ಅನೇಕರಿಗೆ ನಿಜವಾದ ಆಧಾರವಾಯಿತು. ಭೂಮಿಯ ಒಡೆತನವೂ ಅವರಲ್ಲಿಯೇ ಉಳಿಯಿತು. ಶರಾವತಿಯಲ್ಲಿ ನಡೆದದ್ದಕ್ಕಿಂತ ಇದು ಎಷ್ಟೋ ನ್ಯಾಯವಾದ ರೀತಿ ಎಂದು ಒಪ್ಪಬೇಕು. ಆದರೆ ಗೇಣಿಯು ಭೂಮಿಯಿದ್ದವನಿಗೆ ಮಾತ್ರ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ ಕೂಲಿಯ ಹೆಂಗಸಿಗೂ, ಕುಯಿಲಾದ ಹೊಲದಲ್ಲಿ ಕುರಿಗಳನ್ನು ಬಿಡುತ್ತಿದ್ದವನಿಗೂ ಪತ್ರದಲ್ಲಿ ಹೆಸರಿಲ್ಲ. ನಮ್ಮ ಸಭೆಗಳಲ್ಲಿ ಭೂಮಿಯಿಲ್ಲದವರು ಎಷ್ಟು ಮಂದಿ ಎಂಬದನ್ನು ಬಲ್ಲ ನಮಗೆ ಈ ಸಂಗತಿಯು ತಟ್ಟದೆ ಇರಲಾರದು.

ಹೀಗಿರಲಾಗಿ ಪ್ರಶ್ನೆಯು ಇದು: ದೂರದ ಹಳ್ಳಿಯಿಂದ ಬಂದ ಶಕ್ತಿಯಿಂದ ಬೆಳಗುವ ಮನೆಯು ತನ್ನ ಕೈಗಳು ಶುದ್ಧವೆಂದು ಹೇಳಬಹುದೋ?

ಒಬ್ಬನು ಉತ್ತರ ಕೊಡುವದೇನಂದರೆ: “ಹಳ್ಳಿಯ ಅಕ್ಕಿಯನ್ನು ಪಟ್ಟಣದವನು ಉಣ್ಣುತ್ತಾನೆ, ಪಟ್ಟಣದ ಔಷಧವನ್ನು ಹಳ್ಳಿಯವನು ಕುಡಿಯುತ್ತಾನೆ. ಒಬ್ಬರ ಪದಾರ್ಥವನ್ನು ಇನ್ನೊಬ್ಬರು ಬೆಲೆ ಕೊಟ್ಟು ಕೊಳ್ಳುವದು ಪಾಪವಲ್ಲ. ಶಕ್ತಿಯನ್ನೂ ಹಾಗೆಯೇ ಕೊಳ್ಳುತ್ತೇವೆ.” ಈ ಮಾತಿನಲ್ಲಿ ಸತ್ಯವುಂಟು, ನಾನು ಅದನ್ನು ತಳ್ಳುವದಿಲ್ಲ. ಯಾರೂ ತನಗೆ ಬೇಕಾದದ್ದೆಲ್ಲವನ್ನು ತಾನೇ ಮಾಡಿಕೊಳ್ಳಲಾರನು. ಹಾಗೆ ಮಾಡಲೆತ್ನಿಸುವವನು ನೆರೆಯವನಿಲ್ಲದವನಾಗುವನು. ಆದರೆ ಇಲ್ಲಿ ಎರಡು ಭೇದಗಳನ್ನು ಗುರುತಿಸಬೇಕು. ತನ್ನಲ್ಲಿ ಇಲ್ಲದ್ದನ್ನು ಕೇಳುವದು ಬೇರೆ, ತನ್ನಲ್ಲಿರುವದನ್ನು ಹಾಳುಬಿಟ್ಟು ಇನ್ನೊಬ್ಬನದನ್ನು ಕೇಳುವದು ಬೇರೆ. ಸ್ವಂತ ಬಾವಿಯನ್ನು ಕಸದಿಂದ ಮುಚ್ಚಿ ನೆರೆಯವಳ ಕೊಡಕ್ಕೆ ಕೈ ಹಾಕುವವಳನ್ನು ನಾವು ಬಡವಳೆನ್ನುತ್ತೇವೋ? ಇದಲ್ಲದೆ, ಹಸಿದು ಉಣ್ಣುವದು ಬೇರೆ, ಚೆಲ್ಲುವದಕ್ಕಾಗಿ ಬಡಿಸಿಕೊಳ್ಳುವದು ಬೇರೆ. ಬೆಲೆ ಕೊಟ್ಟೆನೆಂಬ ಮಾತ್ರದಿಂದ ಅನ್ನವನ್ನು ಬೀದಿಗೆ ಚೆಲ್ಲುವ ಹಕ್ಕು ಯಾರಿಗೂ ಬರುವದಿಲ್ಲ. ಈ ಎರಡು ಭೇದಗಳಿಂದ ಮೂರು ಕರ್ತವ್ಯಗಳು ಹುಟ್ಟುತ್ತವೆಂದು ನನಗೆ ತೋರುತ್ತದೆ.

ಒಂದನೆಯದು, ಬೇಕಾದದ್ದನ್ನು ಕಡಿಮೆ ಮಾಡುವ ಹಾಗೆ ಮನೆಯನ್ನು ಕಟ್ಟುವದು. ಲೋಕದಲ್ಲಿ ಶಕ್ತಿಯ ನಿಮಿತ್ತ ಏರುವ ಹೊಗೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಟ್ಟಡಗಳನ್ನು ಕಟ್ಟುವದರಿಂದಲೂ ಅವುಗಳಲ್ಲಿ ವಾಸಿಸುವದರಿಂದಲೂ ಆಗುವದೆಂದು ಲೆಕ್ಕ ಮಾಡಿದ್ದಾರೆ. ನಮ್ಮ ದೇಶದ ಸರಕಾರವು ದೊಡ್ಡ ಕಟ್ಟಡಗಳಿಗಾಗಿ 2007ರಲ್ಲಿಯೂ, ವಾಸದ ಮನೆಗಳಿಗಾಗಿ 2018ರಲ್ಲಿಯೂ ಶಕ್ತಿಯ ಮಿತವ್ಯಯದ ನಿಯಮಗಳನ್ನು ಹೊರಡಿಸಿತು. ಕಿಟಕಿಯ ಮೇಲೆ ನೆರಳಿಗಾಗಿ ಚಾಚು ಹಲಗೆ, ಎದುರು ಬದುರಾಗಿ ಗಾಳಿಗಂಡಿ, ಬಿಸಿಲು ಹೀರದ ಬಿಳೀ ತಾರಸಿ, ಪಡುವಣ ಗೋಡೆಗೆ ಗಾಜು ಕಡಿಮೆ, ಇವೇ ಮುಂತಾದವು ಅವುಗಳ ಸಾರಾಂಶ. ಇವು ನಮಗೆ ಹೊಸ ಮಾತುಗಳೋ? ಕರಾವಳಿಯಲ್ಲಿ ಹಂಚಿನ ಮಾಡಿನ ಸಂದುಗಳೊಳಗಿಂದ ಸೆಕೆಯು ತಾನಾಗಿ ಹೊರಟು ಹೋಗುವದನ್ನೂ, ಬಯಲುಸೀಮೆಯಲ್ಲಿ ದಪ್ಪ ಮಣ್ಣಿನ ಗೋಡೆಯು ಹಗಲನ್ನು ತಡೆಯುವದನ್ನೂ ನಮ್ಮ ಅಜ್ಜಂದಿರು ಬಲ್ಲರು.

ಆದರೆ ಹಳೆಯದೆಲ್ಲಾ ನಿರ್ದೋಷವೆಂದು ಹೆಮ್ಮೆಪಡುವದೂ ಬೇಡ. 1865ರಲ್ಲಿ ಪ್ಲೆಬ್ಸ್ಟ್ ದೊರೆಗಳು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮತಾಂತರವಾಗಿ ಮನೆ ಮಠಗಳನ್ನು ಕಳಕೊಂಡ ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಅಂಥಾ ಕಾರ್ಖಾನೆಗಳಲ್ಲಿ ಅನ್ನ ದೊರಕಿತು. ಆ ಕೆಂಪು ಹಂಚು ನಮ್ಮ ಮಾಡುಗಳನ್ನು ತಂಪು ಮಾಡಿತು. ಆದರೆ ಆ ಆವಿಗೆಗಳಲ್ಲಿ ಉರಿದದ್ದು ಕಾಡಿನ ಸೌದೆಯೇ. ಹೀಗೆ ನಮ್ಮ ತಂಪಿಗೂ ಎಲ್ಲಿಯೋ ಒಂದು ಗುಡ್ಡವು ಬೋಳಾದದ್ದುಂಟು. ಇದನ್ನು ನೆನಪಿಸುವದು ಹಿರಿಯರನ್ನು ನಿಂದಿಸುವದಕ್ಕಲ್ಲ. ಯಾವ ಮನೆಯೂ ಬೇರೆಯವರಿಗೆ ಭಾರವಿಲ್ಲದೆ ಏಳುವದಿಲ್ಲ, ಆ ಭಾರವನ್ನು ಹಗುರಮಾಡುವದಷ್ಟೇ ನಮ್ಮ ಕೈಯಲ್ಲಿದೆ ಎಂದು ತಿಳಿಯುವದಕ್ಕೆ.

ಎರಡನೆಯದು, ತನ್ನ ಮಾಡಿನ ಮೇಲೆ ಬೀಳುವದನ್ನು ಮೊದಲು ಉಪಯೋಗಿಸುವದು. ಒಂದು ಕಿಲೋವಾಟಿನ ಸೋಲಾರ್ ಫಲಕಗಳಿಗೆ ಸುಮಾರು 100 ಚದರ ಅಡಿ ಸ್ಥಳ ಸಾಕು. ಅದು ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ 4 ಯೂನಿಟು ಕೊಡುವದು. ಮೂರು ಕಿಲೋವಾಟು ಹಾಕಿಸಿಕೊಂಡ ಮನೆಯು ತಿಂಗಳಿಗೆ ಸುಮಾರು 360 ಯೂನಿಟು ಸಂಪಾದಿಸುವದು. ಒಂದು ಸಾಧಾರಣ ಕುಟುಂಬಕ್ಕೆ ಅದು ಧಾರಾಳ. ಈಗ ಇನ್ನೊಂದು ಲೆಕ್ಕವನ್ನು ಮಾಡಿರಿ. ಪಾವಗಡದಲ್ಲಿ ಒಂದು ಮೆಗಾವಾಟಿಗೆ ಆರು ಎಕರೆಗಿಂತ ಸ್ವಲ್ಪ ಹೆಚ್ಚು ಭೂಮಿ ಹಿಡಿದಿದೆ. ಪಟ್ಟಣದ 333 ಮನೆಗಳವರು ತಂತಮ್ಮ ತಾರಸಿಯ ಮೇಲೆ ಮೂರು ಮೂರು ಕಿಲೋವಾಟು ಇಟ್ಟುಕೊಂಡರೆ ಅದು ಒಂದು ಮೆಗಾವಾಟೇ. ಅಂದರೆ ಬರಿದಾಗಿ ಬಿದ್ದಿರುವ 333 ತಾರಸಿಗಳು ಎಲ್ಲಿಯೋ ಒಬ್ಬ ರೈತನ ಆರು ಎಕರೆಯನ್ನೂ, ಅದರಲ್ಲಿ ಕಳೆ ಕೀಳುವ ಹೆಂಗಸಿನ ಕೂಲಿಯನ್ನೂ ಉಳಿಸಬಲ್ಲವು.

ಈ ದಾರಿಯಲ್ಲಿ ಸರಕಾರವೂ ಕೈಕೊಟ್ಟಿದೆ. ಕರ್ನಾಟಕ ಸರಕಾರವು 2007ರಲ್ಲಿ ಹೊಸ ಕಟ್ಟಡಗಳು ಸ್ನಾನದ ನೀರನ್ನು ಬಿಸಿಲಿನಿಂದಲೇ ಕಾಯಿಸಬೇಕೆಂದು ಆಜ್ಞೆ ಮಾಡಿತು. ಬೆಂಗಳೂರಿನ ಮಾಳಿಗೆಗಳ ಮೇಲೆ ಅಡ್ಡಲಾಗಿ ಮಲಗಿರುವ ಆ ನೀರಿನ ಹಂಡೆಗಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. 2024ರಲ್ಲಿ ಭಾರತ ಸರಕಾರವು ಸೂರ್ಯ ಘರ್ ಎಂಬ ಯೋಜನೆಯನ್ನು ತಂದು, ಒಂದು ಕೋಟಿ ಮನೆಗಳನ್ನು ಗುರಿಯಾಗಿಟ್ಟುಕೊಂಡು, ಮೂರು ಕಿಲೋವಾಟಿಗೆ 78,000 ರೂಪಾಯಿಯ ಸಹಾಯಧನವನ್ನು ಗೊತ್ತುಮಾಡಿತು. ಹಗಲಲ್ಲಿ ಮಿಕ್ಕಿದ ಶಕ್ತಿಯು ತಂತಿಗೆ ಹೋಗಿ ಮೀಟರಿನಲ್ಲಿ ಜಮೆಯಾಗುವದು.

ಇಲ್ಲಿ ಆಕ್ಷೇಪಗಳಿಲ್ಲವೆಂದಲ್ಲ. ಹತ್ತು ಅಂತಸ್ತಿನ ಮನೆಗೆ ತಾರಸಿ ಒಂದೇ. 40 ಕುಟುಂಬಗಳಿರುವ ಒಂದು ಕಟ್ಟಡಕ್ಕೆ ತೊಟ್ಟಿಗಳನ್ನೂ ಹಂಡೆಗಳನ್ನೂ ಬಿಟ್ಟು 4,000 ಚದರ ಅಡಿ ಬಯಲು ಉಳಿದಿದೆ ಎಂದಿಟ್ಟುಕೊಳ್ಳೋಣ. ಅಲ್ಲಿ 40 ಕಿಲೋವಾಟು ಹಿಡಿಸುವದು; ಕುಟುಂಬಕ್ಕೆ ದಿನಕ್ಕೆ 4 ಯೂನಿಟು ಬರುವದು. ಮಿತವಾಗಿ ಬಾಳುವವರಿಗೆ ಅದು ದೊಡ್ಡ ಪಾಲೇ, ಆದರೆ ಪೂರ್ಣವಲ್ಲ. ಕಾರ್ಖಾನೆಗಳಿಗೂ ಆಸ್ಪತ್ರೆಗಳಿಗೂ ಮಾಡು ಸಾಲುವದಿಲ್ಲ. ರಾತ್ರಿಯಲ್ಲಿ ಬಿಸಿಲಿಲ್ಲ, ಬ್ಯಾಟರಿಗೆ ಹಣ ಬೇಕು. ಬಯಲಿನಲ್ಲಿ ಒಟ್ಟಿಗೆ ಹರಡಿದ ಫಲಕಗಳಿಗಿಂತ ಮಾಡಿನ ಮೇಲೆ ಬಿಡಿಬಿಡಿಯಾಗಿ ಇಟ್ಟವುಗಳಿಗೆ ಖರ್ಚು ಹೆಚ್ಚು. ಬಾಡಿಗೆಯ ಕೋಣೆಯಲ್ಲಿರುವ ವಿಧವೆಗೆ ಮಾಡೇ ಇಲ್ಲ. ಆಕೆಗೆ ಸಹಾಯಧನವು ಹೇಗೆ ಮುಟ್ಟೀತು? ಇವೆಲ್ಲಾ ನಿಜವೇ. ಆದಕಾರಣ ಪಟ್ಟಣವು ತನ್ನ ಮಾಡಿನಿಂದಲೇ ಬದುಕಬೇಕೆಂದು ನಾನು ಹೇಳುವದಿಲ್ಲ. ಮಾಡಿನ ಮೇಲಿರುವದನ್ನು ತೆಗೆದುಕೊಂಡ ಮೇಲೆಯೇ ದೂರದವನ ಬಾಗಿಲಿಗೆ ಹೋಗಬೇಕು ಎಂಬದಷ್ಟೇ ನನ್ನ ಮಾತು. ಎಲ್ಲವನ್ನು ಮಾಡಲಾರೆನೆಂಬದು ಆಗುವಷ್ಟನ್ನು ಮಾಡದಿರುವದಕ್ಕೆ ನೆವವಲ್ಲ.

ಮೂರನೆಯದು, ಇನ್ನೂ ಬೇಕಾಗುವ ಪಾಲನ್ನು ಹೊರಗಿನಿಂದ ತರುವಾಗ ಆ ಭಾರವನ್ನು ಹೊರುವವರೆಲ್ಲರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವದು. ಇದಕ್ಕೆ ನಮ್ಮ ಸೀಮೆಯದೇ ಆದ ಒಂದು ದೃಷ್ಟಾಂತವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಒದಗುವ ವಿದ್ಯೆಗಾಗಿ ‘ಅಸ್ತ್ರ’ ಎಂಬ ವಿಭಾಗವನ್ನು ಆರಂಭಿಸಿದರು. ಅವರು ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಸೆಗಣಿಯ ಅನಿಲದ ಸ್ಥಾವರವನ್ನು ಕಟ್ಟಿದರು. ಮೊದಲು ಅವರು ಯೋಚಿಸಿದ್ದು ಅಡಿಗೆಗೆ ಅನಿಲ ಕೊಡಬೇಕೆಂದು. ಆದರೆ ಎಲ್ಲರ ಒಲೆಗೂ ಸಾಲುವಷ್ಟು ಸೆಗಣಿ ದೊರೆಯಲಿಲ್ಲ. ಊರವರಿಗೆ ಅವಶ್ಯವಾಗಿದ್ದದ್ದು ಕುಡಿಯುವ ನೀರೂ ದೀಪವೂ. ಹಾಗೆಯೇ 1987ರಿಂದ ಆ ಅನಿಲದಿಂದ ಯಂತ್ರವನ್ನು ನಡಿಸಿ ನೀರೆತ್ತಿ ದೀಪ ಹಚ್ಚಿದರು. ಸೆಗಣಿ ತಂದವರಿಗೆ ತೂಕಕ್ಕೆ ತಕ್ಕ ಕಾಸೂ, ಗೊಬ್ಬರವಾದ ಬಗ್ಗಡವೂ ತಿರುಗಿ ಸಿಕ್ಕುತ್ತಿತ್ತು. ಆ ಸ್ಥಾವರವು ಕೆಲವು ವರುಷ ನಡೆದು ಆಮೇಲೆ ನಿಂತುಹೋಯಿತಾದರೂ ಅದು ಕಲಿಸಿದ ಪಾಠವು ನಿಲ್ಲಬಾರದು. ಶಕ್ತಿಯು ಹತ್ತಿರದಲ್ಲಿ ಹುಟ್ಟಿತೆಂಬ ಮಾತ್ರಕ್ಕೆ ಅದು ಸ್ಥಳೀಯರದ್ದಾಗುವದಿಲ್ಲ. ಹತ್ತಿರದವರನ್ನು ಕೇಳಿ, ಅವರ ಕೊರತೆಯನ್ನು ಮೊದಲು ತುಂಬಿ, ಅವರ ಪಾಲನ್ನು ಅವರಿಗೆ ಕೊಟ್ಟಾಗಲೇ ಅದು ಅವರದ್ದು. ಬಯಲಿನಲ್ಲಿ ಫಲಕ ಹರಡುವ ಪ್ರತಿಯೊಂದು ಕೆಲಸದಲ್ಲಿ ಭೂಮಿಯಿಲ್ಲದವನಿಗೂ ಒಂದು ಪಾಲು, ಅವನ ಮನೆಗೆ ಮೊದಲ ದೀಪ, ಅವನ ಮಕ್ಕಳಿಗೆ ಆ ಯಂತ್ರಗಳ ವಿದ್ಯೆ, ಇಷ್ಟನ್ನು ಬರೆದಿಡುವದು ದಾನವಲ್ಲ, ಸಾಲ ತೀರಿಸುವದು.

ಪ್ರಿಯರೇ, ಇಷ್ಟರ ವರೆಗೆ ಪಟ್ಟಣದವರ ಕಡೆಗೆ ಬೆರಳು ತೋರಿಸಿದೆವು. ಈಗ ಅದನ್ನು ನಮ್ಮ ಕಡೆಗೆ ತಿರುಗಿಸದಿದ್ದರೆ ಆ ಹುಡುಗನು ಹೆದರಿದ ಹೊಟ್ಟೆಕಿಚ್ಚೇ ಗೆದ್ದಂತಾಗುವದು. 2023ರಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿಯ ಮೂಲಕ ಮನೆಗಳಿಗೆ 200 ಯೂನಿಟಿನೊಳಗೆ, ಹಿಂದೆ ಉಪಯೋಗಿಸಿದ ಸರಾಸರಿಗೆ ಸ್ವಲ್ಪ ಸೇರಿಸಿ, ಹಣವಿಲ್ಲದೆ ವಿದ್ಯುತ್ತು ದೊರೆಯುವಂತಾಯಿತು. ಬಡವರಿಗೆ ಇದು ದೊಡ್ಡ ಉಪಕಾರ. ಆದರೆ ಹಣವಿಲ್ಲದೆ ಬಂದದ್ದಕ್ಕೆ ಬೆಲೆಯೇ ಇಲ್ಲವೆಂದು ನಾವು ತಿಳಿದು, ಹೇಗೂ ಬಿಲ್ಲು ಬಾರದಲ್ಲಾ ಎಂದು ಯಾರೂ ಇಲ್ಲದ ಕೋಣೆಯಲ್ಲಿ ಪಂಖ ತಿರುಗುವದಕ್ಕೆ ಬಿಟ್ಟರೆ, ಆ ಗಾಜಿನ ಮನೆಯವರಿಗೂ ನಮಗೂ ಇರುವ ಭೇದವು ಅಳತೆಯದು ಮಾತ್ರ, ಗುಣದ್ದಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆರು ವರುಷಗಳ ಕೆಳಗೆ ನಾನು ನನ್ನ ತಂದೆಯ ಮನೆಯ ಹಂಚುಗಳನ್ನು ಇಳಿಸಿ ಕಾಂಕ್ರೀಟು ತಾರಸಿಯನ್ನು ಹಾಕಿಸಿದೆನು. ಹಂಚು ಸೋರುತ್ತಿತ್ತು, ಮಂಗಗಳ ಕಾಟವೂ ಇತ್ತು. ಆದರೆ ಸತ್ಯವನ್ನು ಹೇಳಬೇಕಾದರೆ, ನೆರೆಹೊರೆಯವರೆಲ್ಲಾ ತಾರಸಿ ಮಾಡಿದಾಗ ಉಪದೇಶಿಯ ಮನೆ ಮಾತ್ರ ಹಂಚಿನದೆಂಬ ನಾಚಿಕೆಯೂ ಇತ್ತು. ನನ್ನ ತಾಯಿ, “ಮಗಾ, ಸೆಕೆಯಾದೀತು” ಅಂದಳು, ನಾನು ಕೇಳಲಿಲ್ಲ. ಈಗ ಬೇಸಗೆಯ ರಾತ್ರಿಗಳಲ್ಲಿ ಹಗಲೆಲ್ಲಾ ಕಾದ ಆ ಕಾಂಕ್ರೀಟು ನಮ್ಮ ಮೇಲೆ ಒಲೆಯಂತೆ ಕಾವು ಸುರಿಯುತ್ತದೆ. ಎರಡು ಪಂಖಗಳು ಬೆಳಗಿನ ವರೆಗೆ ತಿರುಗುತ್ತವೆ. ಕರೆಂಟು ಹೋದ ರಾತ್ರಿ ಮುದುಕಿಯು ಚಾಪೆಯನ್ನು ಎಳೆದುಕೊಂಡು ಜಗಲಿಗೆ ಹೋಗುತ್ತಾಳೆ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೆಂಗಳೂರಿನ ಗಾಜಿನ ಗೋಡೆಯನ್ನು ಕಂಡು ನಾನು ಸಿಟ್ಟಾಗುತ್ತಿದ್ದಾಗ ನನಗೆ ನೆನಪಾದದ್ದು ಆ ಚಾಪೆಯೇ.

ಈ ವರುಷ ನಾವು ಆ ತಾರಸಿಗೆ ಸುಣ್ಣ ಬಳಿದೆವು, ಪಡುವಣ ಕಡೆಗೆ ಅವರೆ ಚಪ್ಪರವನ್ನು ಹಬ್ಬಿಸಿದೆವು. ಸೆಕೆ ಪೂರ್ಣವಾಗಿ ಹೋಗಲಿಲ್ಲ, ಆದರೆ ಒಂದು ಪಂಖ ನಿಂತಿತು. ಮುಂದಿನ ಕುಯಿಲಾದ ಮೇಲೆ ಒಂದು ಕಿಲೋವಾಟಿನ ಫಲಕವನ್ನು ಇಡಬೇಕೆಂದು ಹಣ ಕೂಡಿಸುತ್ತಿದ್ದೇವೆ.

ಆ ಯೌವನಸ್ಥನಿಗೆ ನಾನು ಬರೆದ ಉತ್ತರವು ಹೀಗಿದೆ: “ತಮ್ಮಾ, ದೂರದಿಂದ ಬಂದ ದೀಪವನ್ನು ಹಚ್ಚುವದು ಪಾಪವಲ್ಲ. ಅದು ಯಾರಿಂದ ಬಂತೆಂದು ಕೇಳದೆ ಹಚ್ಚುವದು ಪಾಪದ ಆರಂಭ. ಬೇಡದೆ ಹಚ್ಚುವದೂ, ತನ್ನ ಮಾಡಿನ ಮೇಲೆ ದೇವರು ದಿನಾಲೂ ಸುರಿಯುವದನ್ನು ತುಳಿದು ಬಡವನ ಹೊಲಕ್ಕೆ ಕೈಚಾಚುವದೂ ಪಾಪವೇ. ನಿನಗೆ ಬಂದದ್ದು ಹೊಟ್ಟೆಕಿಚ್ಚಲ್ಲ. ನಿನ್ನ ತಂಗಿಯ ಮೇಣದ ಬತ್ತಿಯನ್ನು ನೆನೆಸಿದ ಪ್ರೀತಿಯು. ಆದರೆ ಅದು ಹೊಟ್ಟೆಕಿಚ್ಚಾಗದಂತೆ ನೋಡಿಕೋ. ನೀನು ಕಾವಲು ಕಾಯುವ ಮನೆಯಲ್ಲಿ ಜನರೆಲ್ಲಾ ಹೋದ ಮೇಲೆ ಉರಿಯುವ ದೀಪಗಳನ್ನು ಆರಿಸುವದಕ್ಕೆ ನಿನ್ನ ಮೇಲಿನವರ ಅಪ್ಪಣೆ ಕೇಳು. ಅದು ಚಿಕ್ಕ ಕೆಲಸ, ಆದರೆ ನಿನ್ನ ಕೈಗೆ ಸಿಕ್ಕಿರುವ ಕೆಲಸ.”

ಹದಿನೈದು ದಿನಗಳ ಮೇಲೆ ಅವನಿಂದ ಮಾತು ಬಂತು. ಅಪ್ಪಣೆ ಸಿಕ್ಕಿತಂತೆ. ಪ್ರತಿ ರಾತ್ರಿ ಒಂಬತ್ತು ಗಂಟೆಗೆ ಅವನು ಅಂತಸ್ತು ಅಂತಸ್ತಾಗಿ ಹತ್ತಿ ಹೋಗಿ ಗುಂಡಿಗಳನ್ನು ಒತ್ತಿ ಬರುತ್ತಾನಂತೆ. ಪ್ರಿಯ ವಾಚಕರೇ, ನಾವೂ ನಮ್ಮ ನಮ್ಮ ಮನೆಗಳಲ್ಲಿ ಅಷ್ಟನ್ನಾದರೂ ಮಾಡೋಣ.